ಈ ಸಲ ರಜಾಕಾರ ಯಾರು ಆಗ್ತೀರಿ?

ಸೆಪ್ಟೆಂಬರ್ 17ಕ್ಕೆ ನಮ್ಮ ಕನ್ನಡ ಸಂಘ ಏನು ಮಾಡಬೇಕು ಅಂತ ವಾಟ್ಸಾಪ್ ಗ್ರೂಪಿನಲ್ಲಿ ಒಂದು ವಾರದಿಂದ ಚರ್ಚೆ ನಡೆದಿದೆ. ಹೋದ ವರ್ಷದ ಹಾಗೇ ಧ್ವಜ, ಭಾಷಣ, ಹತ್ತು ನಿಮಿಷದ ಸ್ಕಿಟ್, ಕೊನೆಗೆ ಉಪ್ಪಿಟ್ಟು, ಇಷ್ಟೇ ಸಾಕು ಅನ್ನೋರು ಒಂದು ಕಡೆ. ಇನ್ನೊಂದು ಕಡೆ ಫೈನಲ್ ಇಯರ್ ಸೀನಿಯರ್ಸ್. ಅವರದು ದೊಡ್ಡ ಪ್ಲಾನ್. ಅಮೆರಿಕ, ಇಂಗ್ಲೆಂಡಿನಲ್ಲಿ ಮಂದಿ ಹಳೆ ಯುದ್ಧಗಳನ್ನು ಮೈದಾನದಲ್ಲಿ ಮತ್ತೆ ಆಡಿ ತೋರಿಸ್ತಾರಲ್ಲ, ರೀಎನಾಕ್ಟ್‌ಮೆಂಟ್ ಅಂತಾರಲ್ಲ, ಅದನ್ನೇ ನಮ್ಮ ಗ್ರೌಂಡಿನಲ್ಲಿ ಮಾಡೋದು. ಒಂದು ಕಡೆ ರಜಾಕಾರರು, ಇನ್ನೊಂದು ಕಡೆ ಊರಿನ ಜನ, ಆಮೇಲೆ ಭಾರತದ ಸೈನ್ಯ. ಹೊಗೆ ಬರಲಿಕ್ಕೆ ಸ್ಮೋಕ್ ಬಾಂಬ್. ಮ್ಯಾಕ್ಯಾನಿಕಲ್‌ನವರು ಮರದ ಬಂದೂಕು ಮಾಡಿಕೊಡ್ತಾರೆ. ಮೇಲಿಂದ ಡ್ರೋನ್ ಶಾಟ್.

ನಾವು ನಾಲ್ಕು ಮಂದಿ ಇದಕ್ಕೆ ಒಪ್ಪಿಲ್ಲ. ಯಾಕೆ ಅಂತ ಗ್ರೂಪಿನಲ್ಲಿ ಬರೆದರೆ ಯಾರೂ ಓದೋದಿಲ್ಲ, ಮುಂದಿನ ಮೆಸೇಜಿಗೇ ಇಂಟರ್ನಲ್ಸ್ ಟೈಮ್‌ಟೇಬಲ್ ಬಂದುಬಿಡ್ತದೆ. ಅದಕ್ಕೇ ಇಲ್ಲಿ ಬರೀತಿದ್ದೇವೆ. ನಮ್ಮಲ್ಲಿ ಒಬ್ಬ ಬೀದರ್ ಹಳೆ ಊರಿನವನು, ಇಬ್ಬರು ಭಾಲ್ಕಿಯವರು, ಒಬ್ಬಳು ಔರಾದದವಳು. ನಾಲ್ವರೂ ಇಂಗ್ಲಿಷ್ ಮೀಡಿಯಂ. ಕನ್ನಡದಲ್ಲಿ ಇಷ್ಟು ಉದ್ದ ಬರೀತಿರೋದು ಇದೇ ಮೊದಲು, ಒತ್ತಕ್ಷರ ತಪ್ಪಿದ್ದರೆ ಎಡಿಟರ್ ತಿದ್ದಿಕೊಳ್ತಾರೆ.

ಮೊದಲೇ ಒಂದು ಮಾತು. ಈ ಹವ್ಯಾಸದ ಬಗ್ಗೆ ನಮಗೆ ಸಿಟ್ಟಿಲ್ಲ, ಖರೆ ಹೇಳಬೇಕಂದ್ರ ಹೊಟ್ಟೆಕಿಚ್ಚು ಇದೆ. ಇಂಗ್ಲೆಂಡಿನಲ್ಲಿ ಸೀಲ್ಡ್ ನಾಟ್ ಅಂತ ಒಂದು ಸಂಘ ಇದೆ, 1968ರಲ್ಲಿ ಶುರುವಾದದ್ದು. 1640ರ ದಶಕದಲ್ಲಿ ರಾಜನ ಕಡೆಯವರಿಗೂ ಪಾರ್ಲಿಮೆಂಟಿನ ಕಡೆಯವರಿಗೂ ನಡೆದ ಅಂತರ್ಯುದ್ಧವನ್ನು ಅವರು ಮತ್ತೆ ಮತ್ತೆ ಆಡ್ತಾರೆ. ಅಮೆರಿಕದಲ್ಲಿ ಸಿವಿಲ್ ವಾರ್‌ಗೆ ನೂರು ವರ್ಷ ಆದಾಗ, 1961ರ ಜುಲೈನಲ್ಲಿ, ಮನಾಸಸ್ ಎಂಬಲ್ಲಿ ಮೊದಲ ದೊಡ್ಡ ಲಡಾಯಿಯನ್ನು ಸಾವಿರಾರು ಮಂದಿ ಸೇರಿ ಆಡಿದರು, ಅಲ್ಲಿಂದ ಅದು ಲಕ್ಷಣವಾದ ಹವ್ಯಾಸವೇ ಆಯಿತು. ಇದರಲ್ಲಿ ಇರೋರು ಯಾರು? ಬ್ಯಾಂಕಿನವರು, ಮೇಷ್ಟ್ರು, ಲಾರಿ ಡ್ರೈವರ್‌ಗಳು. ವಾರವೆಲ್ಲ ಕೆಲಸ ಮಾಡಿ ಶನಿವಾರ ಉಣ್ಣೆ ಕೋಟು ಹಾಕಿಕೊಂಡು ಬಿಸಿಲಲ್ಲಿ ನಿಲ್ತಾರೆ. ಗುಂಡು ಬಿದ್ದ ಹಾಗೆ ಯಾರು ಯಾವಾಗ ಬೀಳಬೇಕು ಅನ್ನೋದೇ ಅವರಲ್ಲಿ ಒಂದು ದೊಡ್ಡ ತಮಾಷೆ. ಬೇಗ ಸತ್ತರೆ ಸಂಜೆತನಕ ಹುಲ್ಲಿನ ಮೇಲೆ ಮಲಗಿರಬೇಕಲ್ಲ, ಅದಕ್ಕೆ ಯಾರೂ ಬೇಗ ಸಾಯೋದಿಲ್ಲ!

ನಮಗೆ ಅವರಲ್ಲಿ ಭಾಳ ಹಿಡಿಸಿದ್ದು ಬೇರೆ. ಅವರ ಹಟ. ಅಂಗಿಯ ಹೊಲಿಗೆ ಮಿಶಿನ್ನಿನದೋ ಕೈಯದೋ, ಗುಂಡಿ ಆ ವರ್ಷದ್ದೋ ನಂತರದ್ದೋ, ಅಂದು ಊಟಕ್ಕೆ ಏನಿತ್ತು, ಮಳೆ ಇತ್ತೋ ಬಿಸಿಲಿತ್ತೋ, ಯಾವ ಪಡೆ ಎಷ್ಟು ಗಂಟೆಗೆ ಯಾವ ಬೇಲಿ ದಾಟಿತು, ಎಲ್ಲಾ ನೋಡ್ತಾರೆ. ಪ್ಲಾಸ್ಟಿಕ್ ವಾಚ್ ಕಟ್ಟಿಕೊಂಡು ಬಂದವನನ್ನು ಆಡಿಕೊಂಡು ನಗ್ತಾರೆ. ಲ್ಯಾಬಿನಲ್ಲಿ ಸಿಮ್ಯುಲೇಶನ್ ಮಾಡುವಾಗ ಸರ್ ಹೇಳೋದೂ ಇದನ್ನೇ ಅಲ್ವಾ? ಇನ್‌ಪುಟ್ ತಪ್ಪು ಕೊಟ್ಟು ಗ್ರಾಫ್ ಎಷ್ಟು ಚಂದ ಬಂದರೂ ಅದು ತಪ್ಪೇ.

ಇಂಥ ಹಟ ಇದ್ದರೆ ಬೀದರಿನಲ್ಲಿ ಆಡಲಿಕ್ಕೆ ಯುದ್ಧಗಳಿಗೇನು ಕಡಿಮೆ? ಕೋಟೆ ಊರೊಳಗೇ ಇದೆ. 1657ರಲ್ಲಿ ಔರಂಗಜೇಬ್ ಇನ್ನೂ ಶಹಜಾದೆ ಆಗಿದ್ದಾಗ ಈ ಕೋಟೆಗೆ ಮುತ್ತಿಗೆ ಹಾಕಿದ. ಒಳಗೆ ಕಿಲ್ಲೇದಾರ ಸಿದ್ದಿ ಮರ್ಜಾನ್. ಸುಮಾರು 27 ದಿನ ಕಾದರು. ಕೊನೆಗೆ ಬುರುಜಿನ ಹತ್ತಿರ ಇಟ್ಟಿದ್ದ ಮದ್ದಿಗೆ ಬೆಂಕಿ ಬಿದ್ದು ಸಿದ್ದಿ ಮರ್ಜಾನ್ ಮೈಯೆಲ್ಲ ಸುಟ್ಟುಕೊಂಡ, ಕೋಟೆ ಕೈಬಿಟ್ಟಿತು. ಬಂಡೆ ಕೊರೆದು ಮಾಡಿದ ಮೂರು ಸಾಲಿನ ಕಂದಕ ಇವತ್ತಿಗೂ ಇದೆ. ಬುರುಜುಗಳ ಮೇಲೆ ತೋಪುಗಳು ಹಾಗೇ ಬಿದ್ದಿವೆ, ಮಂದಿ ಅವುಗಳ ಮೇಲೆ ಕುಂತು ಫೋಟೋ ತೆಗೆಸಿಕೊಳ್ತಾರೆ. ಆ ತೋಪಿನ ಗುಂಡು ಎಷ್ಟು ದೂರ ಹೋಗ್ತಿತ್ತು, ಮೂರು ಕಂದಕ ಇದ್ದಾಗ ಏಣಿ ಎಲ್ಲಿ ಇಡೋದು, ಮದ್ದನ್ನು ಅಲ್ಲಿ ಯಾಕೆ ಇಟ್ಟರು, ಇವೆಲ್ಲ ನಮ್ಮ ಸಿವಿಲ್, ಮ್ಯಾಕ್ಯಾನಿಕಲ್‌ನವರಿಗೆ ಹಬ್ಬದ ಊಟ. ಪುರಾತತ್ವ ಇಲಾಖೆಯವರು ಕೋಟೆ ಒಳಗೆ ಬಿಡದಿದ್ದರೆ ನಮ್ಮ ಗ್ರೌಂಡಿನಲ್ಲೇ ಆಡಬಹುದು. ಮೊಘಲರ ಕಡೆ ಯಾರು, ಸಿದ್ದಿ ಮರ್ಜಾನನ ಕಡೆ ಯಾರು ಅಂತ ಟಾಸ್ ಹಾಕಿದರೆ ಯಾರ ಮನೆಯಲ್ಲೂ ಯಾರಿಗೂ ನೋವಾಗೋದಿಲ್ಲ. ಇದಕ್ಕೆ ಸೀನಿಯರ್ಸ್ ರೆಡಿ ಇದ್ದರೆ ಕಂದಕ ಅಗೆಯಲಿಕ್ಕೆ ನಾವೇ ಮುಂದೆ ಬರ್ತೇವೆ.

1948 ಹಾಗಲ್ಲ.

ನಮ್ಮಲ್ಲಿ ಬೀದರ್ ಹಳೆ ಊರಿನವನು ಅಂದೆವಲ್ಲ, ಅವನು ಮುಸ್ಲಿಂ. ಐದನೇ ಕ್ಲಾಸಿನಿಂದ ಒಂಬತ್ತನೇ ಕ್ಲಾಸಿನವರೆಗೆ ಅವನ ಸಾಲಿಯಲ್ಲಿ ಪ್ರತಿ ಸೆಪ್ಟೆಂಬರ್ 17ಕ್ಕೆ ಸ್ಕಿಟ್ ಇರ್ತಿತ್ತು. ಐದು ವರ್ಷವೂ ರಜಾಕಾರನ ಪಾರ್ಟು ಅವನಿಗೇ. ಯಾರೂ ಜೋರು ಮಾಡಿ ಕೊಟ್ಟದ್ದಲ್ಲ. "ನಿನಗೆ ಉರ್ದು ಬರ್ತದಲ್ಲ, ಡೈಲಾಗ್ ನೀನೇ ಚಂದ ಹೇಳ್ತಿ" ಅಂತ ಪ್ರೀತಿಯಿಂದಲೇ ಕೊಡ್ತಿದ್ದರು. ಅವನಿಗೆ ಒಂದು ಖಾಕಿ ಅಂಗಿ, ಕಾಡಿಗೆಯ ಮೀಸೆ, ಕೈಯಲ್ಲಿ ಕೋಲು. ಸ್ಟೇಜಿನ ಮೇಲೆ ಹುಡುಗಿಯರು ಕಿರುಚಬೇಕು, ಅವನು ನಗಬೇಕು. ಆಮೇಲೆ ಇಂಡಿಯನ್ ಆರ್ಮಿ ಬಂದು ಅವನನ್ನು ಕೆಳಗೆ ಬೀಳಿಸಿ ಧ್ವಜ ಏರಿಸ್ತದೆ. ಎಲ್ಲರೂ ಚಪ್ಪಾಳೆ. ಒಂಬತ್ತನೇ ಕ್ಲಾಸಿನಲ್ಲಿ ಅವನಿಗೆ ಬೆಸ್ಟ್ ಆಕ್ಟರ್ ಅಂತ ಸ್ಟೀಲ್ ಡಬ್ಬಿ ಕೊಟ್ಟರು. ಅದು ಅವನ ಮನೆಯಲ್ಲಿ ಸಕ್ಕರೆ ಹಾಕಲಿಕ್ಕೆ ಇದೆ.

ಅವನು ಇದನ್ನು ನಗುತ್ತಲೇ ಹೇಳಿದ. ನಾವು ಮೂವರು ನಗಲಿಲ್ಲ. ಯಾಕಂದ್ರ ನಮ್ಮ ನಮ್ಮ ಸಾಲಿಗಳಲ್ಲಿ ಆ ಪಾರ್ಟು ಯಾರು ಮಾಡ್ತಿದ್ದರು ಅಂತ ನೆನಪಿಸಿಕೊಂಡೆವು. ಭಾಲ್ಕಿಯಲ್ಲೂ ಹಾಗೇ, ಔರಾದಿನಲ್ಲೂ ಹಾಗೇ.

ಈಗ ಸೀನಿಯರ್ಸ್ ಪ್ಲಾನಿನಲ್ಲಿ ಐವತ್ತು ಮಂದಿ ರಜಾಕಾರರು ಬೇಕು. ಯಾರನ್ನು ಕರೀತೀರಿ? ಗ್ರೂಪಿನಲ್ಲಿ ಈ ಪ್ರಶ್ನೆ ಹಾಕಿದೆವು. ಎರಡು ಥಂಬ್ಸ್ ಅಪ್ ಬಂದವು, ಉತ್ತರ ಬರಲಿಲ್ಲ.

"ಹಂಗಾದ್ರ ನಡೆದದ್ದನ್ನು ಮುಚ್ಚಿಡಬೇಕಾ?" ಅಂತ ಕೇಳೋರು ಇದ್ದಾರೆ. ಮುಚ್ಚಿಡಬಾರದು. ನಮ್ಮ ತಕರಾರು ಉಲ್ಟಾ ಇದೆ. ನಮ್ಮ ಸ್ಕಿಟ್ಟುಗಳು ನಡೆದದ್ದರಲ್ಲಿ ಅರ್ಧಕ್ಕಿಂತ ಹೆಚ್ಚು ಮುಚ್ಚಿಡ್ತವೆ. ಗುಂಡಿ ಎಣಿಸೋ ಆ ಅಮೆರಿಕದವರ ಹಾಗೆ ನಾವೂ ಕೂತು ದಿನಗಳನ್ನು ಎಣಿಸೋಣ.

1947ರ ಆಗಸ್ಟ್ 15ಕ್ಕೆ ದೇಶಕ್ಕೆ ಸ್ವಾತಂತ್ರ್ಯ ಬಂತು, ನಮಗೆ ಬರಲಿಲ್ಲ, ನಿಜಾಮರು ಸೇರಲಿಲ್ಲ. ಕಾಸಿಂ ರಜ್ವಿಯ ರಜಾಕಾರರು ಊರೂರಿಗೆ ನುಗ್ಗಿದರು. 1948ರ ಮೇ ತಿಂಗಳಲ್ಲಿ ನಮ್ಮ ಜಿಲ್ಲೆಯ ಗೋರಟಾ ಗ್ರಾಮದಲ್ಲಿ ಸಾಮೂಹಿಕ ಹತ್ಯೆ ಆಯಿತು, 200ಕ್ಕೂ ಹೆಚ್ಚು ಮಂದಿಯನ್ನು ಕೊಂದರು ಅಂತ ಊರವರು ಹೇಳ್ತಾರೆ. 2023ರಲ್ಲಿ ಅಲ್ಲಿ ಹುತಾತ್ಮರ ಸ್ಮಾರಕ ಉದ್ಘಾಟನೆ ಆದದ್ದು ಎಲ್ಲರಿಗೂ ಗೊತ್ತು. ಔರಾದದ ನಮ್ಮ ಗೆಳತಿಯ ಆಯಿ ಆಗ ನಾಲ್ಕು ವರ್ಷದ ಕೂಸು. ಆಯಿಯ ಅವ್ವ ಅವಳನ್ನು ಕಟ್ಟಿಕೊಂಡು ಮುಂಗಾರಿ ಜೋಳದ ಹೊಲದಲ್ಲಿ ಎರಡು ರಾತ್ರಿ ಕೂತಿದ್ದಳಂತೆ. ಕೂಸು ಅಳಬಾರದು ಅಂತ ಬಾಯಿಗೆ ಸೆರಗು ತುರುಕಿದ್ದಳಂತೆ. ಇವತ್ತಿಗೂ ಆಯಿಗೆ ಬಾಯಿ ಮೇಲೆ ಬಟ್ಟೆ ಬಂದರೆ ಆಗೋದಿಲ್ಲ, ಕೊರೊನಾ ಟೈಮಿನಲ್ಲಿ ಮಾಸ್ಕ್ ಹಾಕಲೇ ಇಲ್ಲ. ಇದು ಖರೆ, ಇದನ್ನು ಯಾರೂ ಸಣ್ಣದು ಮಾಡಬಾರದು.

ಅದೇ ವರ್ಷದ ಆಗಸ್ಟ್‌ನಲ್ಲಿ ಹೈದರಾಬಾದಿನಲ್ಲಿ ‘ಇಮ್ರೋಜ್’ ಎಂಬ ಉರ್ದು ಪತ್ರಿಕೆಯ ಸಂಪಾದಕ ಶೋಯೆಬುಲ್ಲಾ ಖಾನ್ ಅವರನ್ನು ಬೀದಿಯಲ್ಲಿ ಕೊಂದರು. ಹೈದರಾಬಾದ್ ಭಾರತಕ್ಕೆ ಸೇರಬೇಕು, ರಜಾಕಾರರು ಮಾಡ್ತಿರೋದು ತಪ್ಪು ಅಂತ ಅವರು ಬರೆದಿದ್ದರು. ಕೊಂದವರು ರಜಾಕಾರರು. ನಮ್ಮಲ್ಲಿ ಯಾರ ಸಾಲಿಯ ಸ್ಕಿಟ್ಟಿನಲ್ಲಾದರೂ ಶೋಯೆಬುಲ್ಲಾ ಖಾನ್ ಪಾರ್ಟು ಇತ್ತಾ? ನಾವು ನಾಲ್ವರೂ ಅವರ ಹೆಸರು ಕೇಳಿದ್ದು ಕಾಲೇಜಿಗೆ ಬಂದ ಮೇಲೆ.

ಸೆಪ್ಟೆಂಬರ್ 13ಕ್ಕೆ ಮೇಜರ್ ಜನರಲ್ ಜೆ.ಎನ್. ಚೌಧುರಿ ಅವರ ಪಡೆ ಸೊಲ್ಲಾಪುರದ ಕಡೆಯಿಂದ ಒಳಗೆ ಬಂತು. ಹೆಸರು ಆಪರೇಶನ್ ಪೋಲೋ, ನಮ್ಮ ಮನೆಗಳಲ್ಲಿ ಅದನ್ನು ಪೊಲೀಸ್ ಆಕ್ಷನ್ ಅಂತಾರೆ. 17ಕ್ಕೆ ಬೀದರಿಗೆ ಸೈನ್ಯ ಬಂತು, ಅವತ್ತೇ ನಿಜಾಮರು ರೇಡಿಯೋದಲ್ಲಿ ಯುದ್ಧ ನಿಲ್ಲಿಸಿದ್ದೇವೆ ಅಂದರು. ಐದೇ ದಿನ.

ನಮ್ಮ ಸ್ಕಿಟ್ ಇಲ್ಲಿಗೆ ಮುಗೀತದೆ. ಕ್ಯಾಲೆಂಡರ್ ಮುಗಿಯೋದಿಲ್ಲ. 18, 19, 20... ಆ ಮುಂದಿನ ದಿನಗಳಲ್ಲಿ ಊರುಗಳಲ್ಲಿ ಸೇಡು ಶುರುವಾಯಿತು. ರಜಾಕಾರ ಆಗಿದ್ದವನಿಗೆ, ಆಗದವನಿಗೆ, ಎಲ್ಲರಿಗೂ. ಅದೇ ವರ್ಷದ ಕೊನೆಗೆ ಕೇಂದ್ರ ಸರ್ಕಾರ ಪಂಡಿತ್ ಸುಂದರಲಾಲ್, ಕಾಜಿ ಅಬ್ದುಲ್ ಗಫಾರ್ ಮತ್ತಿತರರನ್ನು ನೋಡಿಬರಲು ಕಳಿಸಿತು. ಅವರ ಲೆಕ್ಕದ ಪ್ರಕಾರ ಪೊಲೀಸ್ ಆಕ್ಷನ್ ವೇಳೆ ಮತ್ತು ಅದರ ನಂತರ ಸತ್ತವರು 27,000ದಿಂದ 40,000. ಹೆಚ್ಚು ಪೆಟ್ಟು ಬಿದ್ದ ನಾಲ್ಕು ಜಿಲ್ಲೆಗಳು ಅಂತ ಅವರು ಬರೆದದ್ದು ಉಸ್ಮಾನಾಬಾದ್, ಗುಲ್ಬರ್ಗಾ, ಬೀದರ್, ನಾಂದೇಡ್. ಆಗಿನ ಬೀದರ್ ಜಿಲ್ಲೆ ಅಂದ್ರ ಉದಗೀರ, ನಿಲಂಗಾ, ಅಹಮದಪುರವೂ ಸೇರಿ. ನೆರೆಮನೆಯ ಮುಸ್ಲಿಮರನ್ನು ಉಳಿಸಿದ ಹಿಂದೂಗಳ ಬಗ್ಗೆಯೂ ಆ ವರದಿಯಲ್ಲಿ ಇದೆ. ಸರ್ಕಾರ ಅದನ್ನು ಪ್ರಕಟಿಸಲೇ ಇಲ್ಲ, ಮಂದಿ ಕೈಗೆ ಸಿಕ್ಕಿದ್ದು 2013ರಲ್ಲಿ. ಅಂದ್ರ ನಾವು ಅಂಗನವಾಡಿಗೆ ಹೋಗುವಾಗ.

ನಮ್ಮ ಹಳೆ ಊರಿನ ಗೆಳೆಯನ ಮುತ್ತಜ್ಜ ಒಂದು ಹಳ್ಳಿಯಲ್ಲಿ ಹೊಲ ಮಾಡಿಕೊಂಡಿದ್ದರು. ಆ ಸೆಪ್ಟೆಂಬರಿನಲ್ಲಿ ಮನೆಯಿಂದ ಹೋದವರು ಬರಲಿಲ್ಲ. ಮುತ್ತಜ್ಜಿ ಮಕ್ಕಳನ್ನು ಕಟ್ಟಿಕೊಂಡು ರಾತ್ರಿ ನಡೆದು ಬೀದರ್ ಸೇರಿದರು. ದಾರಿಯಲ್ಲಿ ಒಂದು ಲಿಂಗಾಯತರ ಮನೆಯಲ್ಲಿ ಮೂರು ದಿನ ಜೋಳದ ಕಣಜದ ಹಿಂದೆ ಅಡಗಿಸಿ ಇಟ್ಟಿದ್ದರಂತೆ. ಅಂಥ ಮನೆಯ ಹುಡುಗ ಐದು ವರ್ಷ ಸ್ಟೇಜಿನ ಮೇಲೆ ಕೋಲು ಹಿಡಿದು ನಕ್ಕ. ಮನೆಯಲ್ಲಿ ಅವನ ದಾದಿ ಒಂದು ಸಲವೂ ನೋಡಲಿಕ್ಕೆ ಬರಲಿಲ್ಲ, ಮೊಣಕಾಲು ನೋವು ಅಂತಿದ್ದರಂತೆ.

ಇದನ್ನು ಓದಿ "ನೀವು ಎರಡನ್ನೂ ತೂಗಿ ಸಮ ಮಾಡ್ತಿದ್ದೀರಿ" ಅಂತ ಯಾರಾದರೂ ಅಂದೇ ಅಂತಾರೆ. ನಾವು ತಕ್ಕಡಿ ಹಿಡಿದಿಲ್ಲ. ಜೋಳದ ಹೊಲದಲ್ಲಿ ಕೂತ ತಾಯಿಗೆ ಆದದ್ದು ಕಣಜದ ಹಿಂದೆ ಕೂತ ತಾಯಿಯಿಂದ ಆದದ್ದಲ್ಲ, ಅವಳಿಂದ ಇವಳಿಗೂ ಆಗಿಲ್ಲ. ಇಬ್ಬರೂ ಇದ್ದದ್ದು ಇದೇ ಜಿಲ್ಲೆಯಲ್ಲಿ, ಅದೇ ವರ್ಷ. ಇಬ್ಬರನ್ನೂ ತೋರಿಸದೆ "ಇದು 1948" ಅಂತ ಬೋರ್ಡು ಹಾಕಿದರೆ ಅದು ಪ್ಲಾಸ್ಟಿಕ್ ವಾಚ್ ಕಟ್ಟಿಕೊಂಡು ಯುದ್ಧಕ್ಕೆ ಬಂದಷ್ಟೇ ಖೋಟಾ. ಇಷ್ಟೇ ನಮ್ಮ ಮಾತು.

ಇನ್ನೊಂದು ಕಡೆಯಿಂದ ಬರೋ ಬುದ್ಧಿಮಾತೂ ನಮಗೆ ಬೇಡ. "ಹಳೆ ಗಾಯ ಯಾಕೆ ಕೆರೀತೀರಿ, ಧ್ವಜ ಏರಿಸಿ ಉಪ್ಪಿಟ್ಟು ತಿಂದು ಮನೆಗೆ ಹೋಗ್ರಿ" ಅನ್ನೋದು. ಅವತ್ತು ನಾಲ್ಕು ವರ್ಷ ಇದ್ದವರಿಗೇ ಈಗ ಎಂಬತ್ತು ದಾಟಿದೆ. ನಾವು ಕೇಳದಿದ್ದರೆ ಮುಂದೆ ಕೇಳಲಿಕ್ಕೆ ಯಾರೂ ಇರೋದಿಲ್ಲ, ಆಮೇಲೆ ಉಳಿಯೋದು ರೀಲ್ಸ್ ಮತ್ತು ಸಿನಿಮಾ.

ಹಾಗಾದರೆ ಆಡೋದು ಹೇಗೆ? ನಮಗೆ ಮೊದಲು ಹೊಳೆದದ್ದು ಅಮೆರಿಕ ಅಲ್ಲ, ನಮ್ಮ ಊರುಗಳ ಮೊಹರಂ. ಅದು ಯುದ್ಧದ ನೆನಪೇ ತಾನೇ? 680ರಲ್ಲಿ ಕರ್ಬಲಾದಲ್ಲಿ ನಡೆದ ಯುದ್ಧ. ಅಲಾಯಿ ಕುಣಿ ತೋಡ್ತಾರೆ, ಪೀರಗಳು ಏಳ್ತಾವೆ, ಕನ್ನಡದಲ್ಲೇ ರಿವಾಯತ್ ಪದ ಹಾಡ್ತಾರೆ, ಹುಲಿ ವೇಷ ಹಾಕ್ತಾರೆ. ಉತ್ತರ ಕರ್ನಾಟಕದಲ್ಲಿ ಮುಸ್ಲಿಂ ಮನೆ ಒಂದೂ ಇಲ್ಲದ ಊರುಗಳಲ್ಲೂ ಮೊಹರಂ ನಡೀತದೆ. ಇಷ್ಟೆಲ್ಲಾ ವೇಷ ಇದ್ದರೂ ಯಜೀದನ ವೇಷ ಹಾಕು ಅಂತ ಒಬ್ಬ ಹುಡುಗನನ್ನು ನಿಲ್ಲಿಸಿದ್ದನ್ನು ನಾವಂತೂ ನೋಡಿಲ್ಲ. ಊರಿಗೆ ಊರೇ ಸೋತವರ ಕಡೆ. ಕೊಂದವನ ಪಾರ್ಟು ಇಲ್ಲದೆಯೂ ಯುದ್ಧವನ್ನು ನೆನೆಯಬಹುದು ಅಂತ ನಮ್ಮ ಹಳ್ಳಿಯ ಮಂದಿಗೆ ಯಾವತ್ತೋ ಗೊತ್ತಿದೆ.

ಇರಾನಿನಲ್ಲಿ ಇದೇ ಕರ್ಬಲಾದ ಕಥೆಯನ್ನು ನಾಟಕವಾಗಿ ಆಡ್ತಾರೆ, ಅದಕ್ಕೆ ತಾಝಿಯೆ ಅಂತ ಹೆಸರು. (ನಮ್ಮಲ್ಲಿ ಮೆರವಣಿಗೆಯಲ್ಲಿ ಹೊರುವ ತಾಜಿಯಾ ಬೇರೆ.) ಅದರಲ್ಲಿ ಕೊಲ್ಲುವವನ ಪಾರ್ಟು ಇದೆ. ಆದರೆ ಪಾತ್ರಧಾರಿ ಮಾತು ಬರೆದ ಚೀಟಿಯನ್ನು ಕೈಯಲ್ಲೇ ಹಿಡಿದು ಓದ್ತಾನೆ. ಬಾಯಿಪಾಠ ಬರದೆ ಅಲ್ಲ. ಇದು ನನ್ನ ಮಾತಲ್ಲ, ನಾನು ಅವನಲ್ಲ, ಓದಿ ಹೇಳ್ತಿದ್ದೇನೆ ಅಷ್ಟೇ ಅಂತ ತೋರಿಸಲಿಕ್ಕೆ. ಕೊಲ್ಲುವ ಹೊತ್ತಿಗೆ ಅವನೇ ಅಳ್ತಾನೆ. ಇದನ್ನು ಓದಿದ ದಿನ ನಮ್ಮ ಗೆಳೆಯ ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ, "ನನಗೂ ಒಂದು ಚೀಟಿ ಕೊಟ್ಟಿದ್ದರೆ ಆಗ್ತಿತ್ತು" ಅಂದ.

ಇನ್ನೊಂದು ಉದಾಹರಣೆ ಇಂಗ್ಲೆಂಡಿನದು. 1984ರಲ್ಲಿ ಆರ್ಗ್ರೀವ್ ಎಂಬಲ್ಲಿ ಮುಷ್ಕರ ಮಾಡ್ತಿದ್ದ ಕಲ್ಲಿದ್ದಲು ಗಣಿ ಕಾರ್ಮಿಕರಿಗೂ ಪೊಲೀಸರಿಗೂ ದೊಡ್ಡ ಹೊಡೆದಾಟ ಆಯಿತು. 2001ರಲ್ಲಿ ಜೆರೆಮಿ ಡೆಲ್ಲರ್ ಎಂಬ ಕಲಾವಿದ ಅದನ್ನು ಮತ್ತೆ ಆಡಿಸಿದರು. ಸುಮಾರು 800 ಮಂದಿ ರೀಎನಾಕ್ಟ್‌ಮೆಂಟ್ ಹವ್ಯಾಸದವರು, 200ರಷ್ಟು ಮಂದಿ ಹಿಂದೆ ಗಣಿಯಲ್ಲಿದ್ದವರು. ಕೆಲವು ಗಣಿ ಕಾರ್ಮಿಕರು ಪೊಲೀಸರ ಪಾರ್ಟು ಮಾಡಿದರು. ಅವತ್ತು ಲಾಠಿ ತಿಂದವರು ಇವತ್ತು ಲಾಠಿ ಹಿಡಿದು ನಿಂತರು. ಪಾರ್ಟು ಬದಲಾಗಬಹುದು ಅಂತ ಗೊತ್ತಿದ್ದರೆ ಯಾರೂ ಜೋರಾಗಿ ಹೊಡೆಯೋದಿಲ್ಲ, ಅದು ಅಲ್ಲಿಯೂ ಇಲ್ಲಿಯೂ ಒಂದೇ.

ಈ ಸೆಪ್ಟೆಂಬರ್ 17ಕ್ಕೆ ನಾವು ಕೇಳೋದು ಇಷ್ಟು. ಬಂದೂಕು ಬೇಡ, ಮರದ್ದೂ ಬೇಡ. ಯಾವುದಾದರೂ ಕ್ರೂರ ಪಾತ್ರ ಬೇಕೇ ಬೇಕು ಅಂದರೆ ಚೀಟಿ ಎತ್ತಿ ಹಂಚಬೇಕು, ಹೆಸರು ನೋಡಿ ಅಲ್ಲ. ಪಾತ್ರ ಸಿಕ್ಕವನು ಕಾಗದ ಕೈಯಲ್ಲಿ ಹಿಡಿದು ಓದಬೇಕು. ಮತ್ತೆ, ಕಥೆ 17ಕ್ಕೇ ನಿಲ್ಲಬಾರದು.

ಅದಕ್ಕಿಂತ ಮುಖ್ಯ, ನಮ್ಮದು ಕನ್ನಡ ಸಂಘ. ನಿಜಾಮರ ಕಾಲದಲ್ಲಿ ಕನ್ನಡಕ್ಕಾಗಿ ನಡೆದ ಒಂದು ಲಡಾಯಿ ಭಾಲ್ಕಿಯಲ್ಲೇ ಇದೆ, ಅದರಲ್ಲಿ ಒಂದು ಗುಂಡೂ ಹಾರಲಿಲ್ಲ. ಭಾಲ್ಕಿ ಹಿರೇಮಠದ ಚನ್ನಬಸವ ಪಟ್ಟದ್ದೇವರು ಸಾಲಿಯ ಹೊರಗೆ ಉರ್ದು ಬೋರ್ಡು ಹಾಕಿ ಒಳಗೆ ಕನ್ನಡ ಕಲಿಸಿದರು. ಈ ಕಥೆ ನಮ್ಮ ಕಡೆ ಎಲ್ಲರ ಬಾಯಲ್ಲೂ ಇದೆ, ಯಾರೂ ಆಡಿ ತೋರಿಸಿಲ್ಲ. (ಭಾಲ್ಕಿಯವರು ಅವರು ನಮ್ಮವರು ಅಂದಾಗೆಲ್ಲ ನಮ್ಮ ಗೆಳತಿ ಜಗಳಕ್ಕೆ ಬರ್ತಾಳೆ. ಅವರು ಹುಟ್ಟಿದ ಕಮಲನಗರ ಮೊನ್ನೆ ಮೊನ್ನೆವರೆಗೆ ಔರಾದ ತಾಲ್ಲೂಕಿನಲ್ಲೇ ಇತ್ತು.) ಇದನ್ನು ಗುಂಡಿ ಎಣಿಸೋರ ಹಟದಿಂದ ಮಾಡೋಣ. ಒಂದು ಕ್ಲಾಸ್‌ರೂಮ್ ಸಾಕು. ಅವತ್ತು ಬೆಂಚು ಇತ್ತಾ, ನೆಲಕ್ಕೆ ಕೂತಿದ್ದರಾ? ಕರಿಹಲಗೆ ಯಾವ ಅಳತೆಯದು? ಮಕ್ಕಳು ಬುತ್ತಿಗೆ ಏನು ತರ್ತಿದ್ದರು? ಫೀಸು ಇತ್ತಾ, ಇದ್ದರೆ ಹಾಲಿ ಸಿಕ್ಕಾದಲ್ಲಿ ಎಷ್ಟು? ಬೋರ್ಡಿನ ಮೇಲೆ ಏನಂತ ಬರೆದಿತ್ತು? ಇವನ್ನೆಲ್ಲ ಮಠದ ಹಿರಿಯರನ್ನು, ನಮ್ಮ ನಮ್ಮ ಮನೆಯ ಮುತ್ಯಾಗಳನ್ನು, ಆಯಿಗಳನ್ನು ಕೇಳಿಯೇ ತಿಳಿಯಬೇಕು. ಕೇಳೋ ಆ ಒಂದು ತಿಂಗಳೇ ನಿಜವಾದ ಹವ್ಯಾಸ, ಆಡೋದು ಅರ್ಧ ತಾಸು.

ಉರ್ದು ಬೋರ್ಡು ಬರೀಲಿಕ್ಕೆ ನಮ್ಮ ಗೆಳೆಯ ಒಪ್ಪಿದ್ದಾನೆ. ಆದರೆ ಒಂದು ಷರತ್ತು ಹಾಕಿದ್ದಾನೆ, ಬೋರ್ಡು ಬರೆದ ಮೇಲೆ ಅವನು ಒಳಗೆ ಕೂತು ಕನ್ನಡ ಕಲಿಯೋ ಹುಡುಗ ಆಗಬೇಕು.

ಸಾಮಾನು ಇನ್ನೂ ಬೇಕು. ಯಾರ ಮನೆಯಲ್ಲಾದರೂ ಕಲ್ಲಿನ ಪಾಟಿ, ಬಳಪ, ಹಾಲಿ ಸಿಕ್ಕಾದ ನಾಣ್ಯ, ಆ ಕಾಲದ ಕನ್ನಡ ಅಂಕಲಿಪಿ, ಕಂದೀಲು ಇದ್ದರೆ ಆಗಸ್ಟ್ ಕೊನೆಯೊಳಗೆ ತಿಳಿಸಿ, ಮುಗಿದ ಮೇಲೆ ಜೋಪಾನವಾಗಿ ವಾಪಸ್ ಕೊಡ್ತೇವೆ. ಎಂಬತ್ತು ದಾಟಿದ ಹಿರಿಯರು ಇದ್ದರೆ ಮೊದಲು ಅವರ ಹತ್ತಿರ ಕರೆದುಕೊಂಡು ಹೋಗ್ರಿ. ಭಾನುವಾರ ಬೆಳಿಗ್ಗೆ ಬಸ್‌ಸ್ಟ್ಯಾಂಡಿಗೆ ಬಂದರೆ ಸಾಕು, ಭಾಲ್ಕಿಗೂ ಔರಾದಿಗೂ ಬಸ್ ಚಾರ್ಜ್ ನಾವು ಹಾಕ್ತೇವೆ.